ಬಿಸಿಲು ನೋಡಿ ಬಾದಾಮಿ ತೋರಿಸುವುದು

ಗದಗಿನಲ್ಲಿ ಮನೆ ಇದ್ದವರಿಗೆ ಬಾದಾಮಿ ತೋರಿಸುವ ಕೆಲಸ ತಾನಾಗಿಯೇ ಹೆಗಲೇರುತ್ತದೆ. ಮೈಸೂರು, ಬೆಂಗಳೂರಿನ ಕಡೆಯಿಂದ ಮದುವೆಗೋ ಗೃಹಪ್ರವೇಶಕ್ಕೋ ಬಂದ ನೆಂಟರು ಊಟದ ಎಲೆ ಎತ್ತುವ ಮೊದಲೇ "ಹೇಗೂ ಇಲ್ಲಿವರೆಗೂ ಬಂದಿದೀವಿ, ಬಾದಾಮಿ ನೋಡ್ಕೊಂಡೇ ಹೋಗೋಣ" ಎಂದು ಶುರು ಮಾಡುತ್ತಾರೆ. ಅವರ ಮೊಬೈಲಿನಲ್ಲಿ ಪಟ್ಟಿ ತಯಾರಿರುತ್ತದೆ: ಬೆಳಿಗ್ಗೆ ಗುಹೆಗಳು, ಹನ್ನೊಂದಕ್ಕೆ ಪಟ್ಟದಕಲ್ಲು, ಊಟವಾದ ಮೇಲೆ ಐಹೊಳೆ, ಸಂಜೆಗೆ ಕೂಡಲಸಂಗಮ, ರಾತ್ರಿಗೆ ರೈಲು. ಈ ಪಟ್ಟಿಗೆ ನಾನು ಒಪ್ಪುವುದಿಲ್ಲ. ಬರುವುದಾದರೆ ಬಾದಾಮಿಯಲ್ಲೇ ರಾತ್ರಿ ತಂಗಬೇಕು, ಯಾವುದನ್ನು ಯಾವಾಗ ನೋಡುವುದು ಎಂಬುದನ್ನು ನನಗೆ ಬಿಡಬೇಕು. ಇಷ್ಟೇ ನನ್ನ ಕರಾರು.

ಕಾರಣ ಸರಳ. ಇಲ್ಲಿನ ಶಿಲ್ಪವೆಲ್ಲ ಮರಳುಗಲ್ಲಿನದು. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಇಡೀ ಬೆಟ್ಟ ಒಂದೇ ಬಣ್ಣಕ್ಕೆ ತಿರುಗಿ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಅದೇ ಗೋಡೆಗೆ ಓರೆ ಬಿಸಿಲು ಬಿದ್ದಾಗ ಬೆರಳು, ಉಗುರು, ಸೊಂಟದ ಪಟ್ಟಿಯ ಎಳೆ ಎಲ್ಲ ಎದ್ದು ಬರುತ್ತವೆ. ಹಾಗಾಗಿ ಯಾವ ಗುಡಿ ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ನೋಡಿಕೊಂಡು ನಾನು ದಿನ ಹೊಂದಿಸುತ್ತೇನೆ. ಯಾವುದು ಮೊದಲು ಕಟ್ಟಿದ್ದು, ಯಾವುದು ಆಮೇಲೆ ಎಂಬ ಕ್ರಮದಲ್ಲೇ ನೋಡಬೇಕು ಎನ್ನುವ ಮೇಷ್ಟರುಗಳಿದ್ದಾರೆ. ಆ ಕ್ರಮ ಓದುವುದಕ್ಕೆ ಸರಿ. ನೋಡುವುದಕ್ಕೆ ಬಿಸಿಲಿನ ಕ್ರಮವೇ ವಾಸಿ.

ಬಾದಾಮಿ ರೈಲು ನಿಲ್ದಾಣ ಊರಿನಿಂದ ಸುಮಾರು 5 ಕಿ.ಮೀ. ದೂರ. ಇಳಿದವರಿಗೆ ಟಂಟಂ ಸಿಗುತ್ತದೆ. ಮಧ್ಯಾಹ್ನ ಬಂದಿಳಿದರೆ ಸಾಮಾನು ಲಾಡ್ಜಿನಲ್ಲಿಟ್ಟು ನೇರ ವಸ್ತು ಸಂಗ್ರಹಾಲಯಕ್ಕೆ ಕರೆದೊಯ್ಯುತ್ತೇನೆ. ಅಗಸ್ತ್ಯ ತೀರ್ಥ ಎಂಬ ಕೆರೆಯ ಉತ್ತರ ದಂಡೆಯಲ್ಲಿ, ಬೆಟ್ಟದ ಬುಡಕ್ಕೇ ಇದೆ. ಶುಕ್ರವಾರ ರಜೆ, ಇದನ್ನು ಮರೆಯಬಾರದು. ಒಳಗೆ ಲಜ್ಜಾಗೌರಿಯ ಮೂರ್ತಿ ಇದೆ: ತಲೆಯ ಜಾಗದಲ್ಲಿ ಅರಳಿದ ಕಮಲ, ಹೆರಿಗೆಗೆ ಕೂತ ಭಂಗಿ. ಹಿರಿಯ ಹೆಂಗಸರು ಅದರ ಮುಂದೆ ತುಸು ಹೊತ್ತು ಸುಮ್ಮನೆ ನಿಲ್ಲುತ್ತಾರೆ, ಗಂಡಸರು ಬೇಗ ಮುಂದಕ್ಕೆ ಹೋಗುತ್ತಾರೆ. ಬಿಸಿಲು ಇಳಿಯುವವರೆಗೆ ಕಾಲ ಕಳೆಯಲು ಈ ಜಾಗ ಸಾಕು.

ಐದು ಗಂಟೆಯ ಹೊತ್ತಿಗೆ ಕೆರೆಯ ದಂಡೆ ಹಿಡಿದು ಭೂತನಾಥ ಗುಡಿಯ ಕಡೆ ನಡೆಯುತ್ತೇವೆ. ಕೆರೆಯ ಪೂರ್ವ ತುದಿಯಲ್ಲಿ, ಪಶ್ಚಿಮಕ್ಕೆ ಮುಖ ಮಾಡಿ ನಿಂತ ಗುಡಿ ಅದು. ಒಳಗಿನ ಭಾಗ ಬಾದಾಮಿ ಚಾಲುಕ್ಯರ ಕಾಲದ್ದು, ಕೆರೆಯ ಕಡೆಗೆ ಚಾಚಿದ ಮಂಟಪ ಕಲ್ಯಾಣ ಚಾಲುಕ್ಯರು ಆಮೇಲೆ ಸೇರಿಸಿದ್ದು. ಇಳಿಬಿಸಿಲು ನೀರಿನ ಮೇಲಿಂದ ಬಂದು ನೇರವಾಗಿ ಕಂಬಗಳಿಗೆ ಬಡಿಯುತ್ತದೆ. ಎಲ್ಲರೂ ಮುಂದೆ ನಿಂತು ಫೋಟೋ ತೆಗೆದುಕೊಂಡು ವಾಪಸಾಗುತ್ತಾರೆ. ನಾನು ಹಿಂದಕ್ಕೆ ಕರೆದೊಯ್ಯುತ್ತೇನೆ. ಅಲ್ಲಿ ದೊಡ್ಡ ದೊಡ್ಡ ಬಂಡೆಗಳ ಮೈಮೇಲೆಯೇ ವರಾಹ, ಗಣಪತಿ, ದೇವಿಯರನ್ನು ಕೆತ್ತಿದ್ದಾರೆ. ಒಂದು ಸಣ್ಣ ಗವಿಯಲ್ಲಿ ಅನಂತಶಯನನಿದ್ದಾನೆ. ಮಕ್ಕಳಿಗೆ ಗುಡಿಗಿಂತ ಈ ಬಂಡೆಗಳೇ ಇಷ್ಟ. ಮಳೆಗಾಲದಲ್ಲಾದರೆ ಪಕ್ಕದ ಬೆಟ್ಟದಿಂದ ಅಕ್ಕ-ತಂಗಿ ಜಲಪಾತವೂ ಇಳಿಯುತ್ತಿರುತ್ತದೆ. ಚೆನ್ನಾಗಿ ಮಳೆ ಬಿದ್ದ ಮರುದಿನ ಅದರ ಸೊಬಗು ನೋಡಬೇಕು, ಎರಡು ದಿನ ಬಿಟ್ಟರೆ ಬರಿಯ ಒದ್ದೆ ಬಂಡೆ.

ಕೆರೆಯ ಈಶಾನ್ಯಕ್ಕೆ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಹತ್ತು ಸಾಲಿನ ಬರಹ, ಸುಮಾರು ಕ್ರಿ.ಶ. 700ರದು. ಕನ್ನಡದಲ್ಲಿ ಸಿಕ್ಕಿರುವ ಅತಿ ಹಳೆಯ ತ್ರಿಪದಿಗಳು ಇಲ್ಲಿವೆ. "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಎಂಬ ಸಾಲನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದವರು ಆ ಅಕ್ಷರಗಳ ಎದುರು ನಿಂತಾಗ ಒಂದೊಂದನ್ನೇ ಗುರುತು ಹಿಡಿಯಲು ನೋಡುತ್ತಾರೆ. ಒಂದೆರಡು ಅಕ್ಷರ ಸಿಕ್ಕರೂ ಖುಷಿ. ಇಂಥ ಜಾಗಕ್ಕೆ ಬರುವ ಜನ ಕಡಿಮೆ, ಅದೇ ಒಳ್ಳೆಯದು ಅನ್ನಿ.

ಮರುದಿನ ಬೆಳಿಗ್ಗೆ ಪಟ್ಟದಕಲ್ಲು. ಬಾದಾಮಿಯಿಂದ 22 ಕಿ.ಮೀ. ಬಸ್ಸು ಇದೆ, ಆದರೆ ಪಟ್ಟದಕಲ್ಲಿನಿಂದ ಐಹೊಳೆಗೆ ಮುಂದುವರಿಯುವ ಬಸ್ಸನ್ನು ನಂಬಿಕೊಂಡರೆ ಅರ್ಧ ದಿನ ನಿಲ್ದಾಣದಲ್ಲೇ ಕಳೆಯಬೇಕಾಗುತ್ತದೆ. ಹಿರಿಯರಿದ್ದರೆ ಇಡೀ ದಿನಕ್ಕೆ ಒಂದು ಆಟೋ ಮಾತಾಡುವುದೇ ಮೇಲು. ಬೇಗ ಹೊರಡಬೇಕು, ಏಕೆಂದರೆ ವಿರೂಪಾಕ್ಷ ಗುಡಿಯ ಮುಖ ಪೂರ್ವಕ್ಕಿದೆ. ಎಳೆಬಿಸಿಲು ಮುಖಮಂಟಪ ದಾಟಿ ಒಳಗೆ ಬರುವ ಹೊತ್ತಿನಲ್ಲಿ ಕಂಬಗಳ ಮೇಲಿನ ರಾಮಾಯಣ, ಮಹಾಭಾರತದ ಸಣ್ಣ ಸಣ್ಣ ಪಟ್ಟಿಕೆಗಳನ್ನು ಟಾರ್ಚ್ ಇಲ್ಲದೆ ಓದಬಹುದು. ತಡವಾಗಿ ಹೋದರೆ ಅದೇ ಕಂಬಗಳು ಕತ್ತಲಲ್ಲಿರುತ್ತವೆ. ಒಳಗೆ ಕಾಲಿಡುವ ಮೊದಲು ಪೂರ್ವದ ಮುಖಮಂಟಪದಲ್ಲಿ ತಲೆ ಎತ್ತಿಸುತ್ತೇನೆ. ಚಾವಣಿಯಲ್ಲಿ ಏಳು ಕುದುರೆಯ ರಥ ಏರಿದ ಸೂರ್ಯನಿದ್ದಾನೆ. ಕಟ್ಟಿದವರೂ ದಿಕ್ಕು ನೋಡಿಯೇ ಅವನನ್ನು ಅಲ್ಲಿ ಕೂರಿಸಿರಬೇಕು.

ಇಲ್ಲಿ ನಾನು ಕತೆ ಹೇಳುವುದು ಒಂದೇ, ಆದರೆ ಪೂರ್ತಿ ಹೇಳುತ್ತೇನೆ. ಕ್ರಿ.ಶ. 642ರಲ್ಲಿ ಪಲ್ಲವರ ಒಂದನೇ ನರಸಿಂಹವರ್ಮ ಬಾದಾಮಿಯನ್ನು ಗೆದ್ದ. ಹರ್ಷವರ್ಧನನನ್ನು ತಡೆದು ನಿಲ್ಲಿಸಿದ ಇಮ್ಮಡಿ ಪುಲಿಕೇಶಿಯ ರಾಜಧಾನಿ ಕೈತಪ್ಪಿತು. ನೂರು ವರ್ಷದ ನಂತರ ಅದೇ ಮನೆತನದ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಗೆದ್ದವನು ಊರನ್ನು ಸುಡಲಿಲ್ಲ. ಅಲ್ಲಿನ ಕೈಲಾಸನಾಥ ಗುಡಿಯ ಹೊನ್ನನ್ನು ದೇವರಿಗೇ ಮರಳಿಸಿ, ಅದನ್ನು ಆ ಗುಡಿಯಲ್ಲೇ ಕನ್ನಡದಲ್ಲಿ ಕೆತ್ತಿಸಿದ. ಆ ಗೆಲುವಿನ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ಈ ವಿರೂಪಾಕ್ಷ, ಪಕ್ಕದ ಮಲ್ಲಿಕಾರ್ಜುನ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು. ವಿರೂಪಾಕ್ಷವನ್ನು ಕಟ್ಟಿದ ಶಿಲ್ಪಿ ಗುಂಡ, ಅನಿವಾರಿತಾಚಾರಿ ಎಂದು ಬಿರುದು ಪಡೆದವನು. ಅವನ ಹೆಸರೂ ಶಾಸನದಲ್ಲಿದೆ. ನನ್ನ ಸೋದರಮಾವನಂಥ ಲೆಕ್ಕದ ಮನುಷ್ಯ ಕೂಡ ಇದನ್ನು ಕೇಳಿದ ಮೇಲೆ "ಹಂಗಾರೆ ಈ ಗುಂಡನ ಹೆಸರು ಎಲ್ಲಿದೆ, ತೋರಿಸು" ಎಂದು ಪಟ್ಟು ಹಿಡಿದಿದ್ದರು.

ಪಟ್ಟದಕಲ್ಲಿನಲ್ಲಿ ಹತ್ತು ಗುಡಿಗಳನ್ನೂ ಒಂದೊಂದಾಗಿ ನೋಡಬೇಕೆಂದಿಲ್ಲ. ಹುಲ್ಲುಹಾಸಿನ ಮೇಲೆ ಒಂದು ಕಡೆ ನಿಲ್ಲಿಸಿ ಗಳಗನಾಥದ ಶಿಖರ, ಸಂಗಮೇಶ್ವರದ ಶಿಖರ ಎರಡನ್ನೂ ನೋಡಿ ಅನ್ನುತ್ತೇನೆ. ಒಂದು ಬುಡದಿಂದ ತುದಿಯವರೆಗೆ ಬಾಗುತ್ತ ಏರುವ ಉತ್ತರದ ಶೈಲಿ, ಇನ್ನೊಂದು ಅಂತಸ್ತು ಅಂತಸ್ತಾಗಿ ಏರುವ ದಕ್ಷಿಣದ್ದು. ಕೂಗಳತೆಯಲ್ಲಿ ಎರಡೂ ಇವೆ. ಯುನೆಸ್ಕೊ 1987ರಲ್ಲಿ ಈ ಜಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದಕ್ಕೆ ಮುಖ್ಯ ಕಾರಣವೇ ಈ ನೆರೆಹೊರೆ. ಸಮಯವಿದ್ದರೆ ಆವರಣದ ಆಚೆ, ಸ್ವಲ್ಪ ದಕ್ಷಿಣಕ್ಕಿರುವ ಪಾಪನಾಥ ಗುಡಿ. ಹೊರಗೋಡೆಯಲ್ಲಿ ರಾಮಾಯಣದ ಪ್ರಸಂಗಗಳಿವೆ. ಮಲಪ್ರಭೆ ಇಲ್ಲಿ ಉತ್ತರಕ್ಕೆ ಹರಿಯುತ್ತಾಳೆ, ಅದಕ್ಕೇ ಈ ಜಾಗಕ್ಕೆ ಹೆಚ್ಚಿನ ಮಹತ್ವ.

ಊಟದ ಹೊತ್ತು ದಾಟಿದ ಮೇಲೆ ಐಹೊಳೆ. ದುರ್ಗದ ಗುಡಿಯ ಪ್ರದಕ್ಷಿಣಾ ಪಥ ನೆರಳಿನಲ್ಲಿರುವುದರಿಂದ ಬಿಸಿಲಿಗೆ ಇದೇ ಸರಿಯಾದ ಜಾಗ. ಹಿಂಭಾಗ ಅರೆವೃತ್ತವಾಗಿ ತಿರುಗುವ ಗುಡಿ. ಸುತ್ತ ನಡೆಯುತ್ತ ಹೋದಂತೆ ನಂದಿಯ ಜೊತೆಗಿನ ಶಿವ, ನರಸಿಂಹ, ಗರುಡನ ಮೇಲಿನ ವಿಷ್ಣು, ವರಾಹ, ಮಹಿಷಮರ್ದಿನಿ, ಹರಿಹರ ಒಬ್ಬರಾದ ಮೇಲೆ ಒಬ್ಬರು ಎದುರಾಗುತ್ತಾರೆ. ಮುಂದಿನ ಗೂಡಿನಲ್ಲಿ ಯಾರು ಎಂದು ಮಕ್ಕಳಿಗೆ ಊಹಿಸಲು ಬಿಡುತ್ತೇನೆ.

ಲಾಡಖಾನ್ ಗುಡಿಯಲ್ಲಿ ಎಲ್ಲರೂ ಒಳಗೆ ಹೋಗುತ್ತಾರೆ, ನಾನು ಮಾಡು ತೋರಿಸುತ್ತೇನೆ. ಇಳಿಜಾರಾಗಿ ಹಾಸಿದ ಚಪ್ಪಡಿಗಳ ನಡುವಿನ ಸಂದಿಗಳ ಮೇಲೆ ಉದ್ದುದ್ದ ಕಲ್ಲಿನ ಪಟ್ಟಿಗಳನ್ನು ಮಲಗಿಸಿದ್ದಾರೆ. ಮಳೆ ನೀರು ಸಂದಿಯಲ್ಲಿ ಇಳಿಯದಿರಲಿ ಎಂದು ಮಾಡಿದ ಉಪಾಯ. ಮರದ ಮನೆಗೆ ಬಡಿಗರು ಮಾಡುತ್ತಿದ್ದುದನ್ನು ಕಲ್ಲುಕುಟಿಗರು ಕಲ್ಲಿನಲ್ಲಿ ಮಾಡಿದ್ದಾರೆ. ಇದನ್ನು ಹಿಂದೆ ಐದನೇ ಶತಮಾನದ್ದು ಎನ್ನುತ್ತಿದ್ದರು, ಈಗಿನ ವಿದ್ವಾಂಸರು ಏಳು-ಎಂಟನೇ ಶತಮಾನಕ್ಕೆ ತರುತ್ತಾರೆ. ಕೆಲವು ಗೈಡುಗಳು ಇನ್ನೂ ಹಳೆಯ ಲೆಕ್ಕವನ್ನೇ ಹೇಳುತ್ತಾರೆ.

ಸಂಜೆಗೆ ರಾವಣಫಡಿ. ಈ ಗುಹೆಯ ಬಾಯಿ ನೈಋತ್ಯಕ್ಕಿದೆ. ನಾಲ್ಕರ ನಂತರ ಬಿಸಿಲು ಒಳಗೆ ಸರಿಯುತ್ತ ಸಪ್ತಮಾತೃಕೆಯರ ಜೊತೆ ಕುಣಿಯುವ ಹತ್ತು ಕೈಯ ಶಿವನ ಕಡೆಗೆ ಬರುತ್ತದೆ. ಕಾಲಲ್ಲಿ ಕಸುವಿದ್ದವರು ಅದರ ಬದಲು ಮೇಗುತಿ ಬೆಟ್ಟ ಹತ್ತಬಹುದು. ಕ್ರಿ.ಶ. 634ರ ರವಿಕೀರ್ತಿಯ ಶಾಸನ ಅಲ್ಲಿದೆ. ಪುಲಿಕೇಶಿಯ ದಿಗ್ವಿಜಯದ ವರ್ಣನೆ ಇರುವುದು ಅದರಲ್ಲೇ. ಕಾಳಿದಾಸ, ಭಾರವಿಯರ ಹೆಸರೂ ಬರುವುದರಿಂದ ಆ ಕವಿಗಳು ಅದಕ್ಕಿಂತ ಹಿಂದಿನವರು ಎಂದು ಹೇಳಲು ಈ ಕಲ್ಲೇ ಆಧಾರ. ಎರಡನ್ನೂ ಒಂದೇ ಸಂಜೆಗೆ ತುರುಕುವುದು ಬೇಡ.

ಬಾದಾಮಿಯ ಗುಹೆಗಳನ್ನು ಕೊನೆಗೆ ಇಡುವುದು ನೋಡಿ ನೆಂಟರು ಗೊಣಗುತ್ತಾರೆ. ಆದರೆ ಗುಹೆಗಳ ಮುಖ ಉತ್ತರಕ್ಕಿದೆ, ನೇರ ಬಿಸಿಲು ಒಳಗೆ ಬರುವುದು ಕಡಿಮೆ. ಬೆಳಕಿನ ಲೆಕ್ಕದಲ್ಲಿ ಯಾವ ಹೊತ್ತಾದರೂ ನಡೆಯುತ್ತದೆ, ಗದ್ದಲದ ಲೆಕ್ಕದಲ್ಲಿ ನಡೆಯುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುವ ಮೊದಲೇ, ಬಾಗಿಲು ತೆಗೆದ ಕೂಡಲೇ ಒಳಗಿರಬೇಕು. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಬೇಡ. ಮಂಗಗಳಿಗೆ ಅದರ ಸಪ್ಪಳ ಸಾಕು.

ಮೊದಲ ಗುಹೆಯ ಹೊರಗೆ ಬಲಕ್ಕೆ ಹದಿನೆಂಟು ಕೈಯ ನಟರಾಜ. ಎಡಗೈ ಒಂದು, ಬಲಗೈ ಒಂದು ಜೋಡಿಸುತ್ತ ಹೋದರೆ 81 ಭಂಗಿಗಳಾಗುತ್ತವೆ ಎಂದು ಗೈಡುಗಳು ಹೇಳುವುದುಂಟು. ಒಂಬತ್ತೊಂಬತ್ಲ ಎಂಬತ್ತೊಂದು, ಲೆಕ್ಕವೇನೋ ಸರಿ. ಒಳಗೆ ಚಾವಣಿಯಲ್ಲಿ ಸುರುಳಿ ಸುತ್ತಿದ ನಾಗರಾಜ, ಎರಡನೆಯ ಗುಹೆಯ ಚಾವಣಿಯಲ್ಲಿ ಹದಿನಾರು ಮೀನುಗಳೇ ಅರಗಳಾದ ಚಕ್ರ. ಹೆಚ್ಚು ಹೊತ್ತು ಕಳೆಯುವುದು ಮೂರನೆಯದರಲ್ಲಿ. ಕ್ರಿ.ಶ. 578ರಲ್ಲಿ, ಅಣ್ಣ ಕೀರ್ತಿವರ್ಮ ಆಳುತ್ತಿದ್ದಾಗ ಮಂಗಳೇಶ ಮಾಡಿಸಿದ ಗುಹೆ. ಶಕವರ್ಷ 500 ಎಂದು ಶಾಸನದಲ್ಲೇ ಇರುವುದರಿಂದ ಕಾಲದ ಬಗ್ಗೆ ತಕರಾರಿಲ್ಲ. ಪೂರ್ವದ ತುದಿಯಲ್ಲಿ ಆದಿಶೇಷನ ಮೇಲೆ ಮಲಗದೆ ಕೂತ ವಿಷ್ಣು ಇದ್ದಾನೆ. ಅವನ ಹತ್ತಿರ ಹೋಗಿ ಕಲ್ಲನ್ನೇ ನೋಡಿ ಎನ್ನುತ್ತೇನೆ. ಮುಟ್ಟಬಾರದು, ನೋಡಬೇಕು. ನಸುಗೆಂಪು, ಬಿಳಿ, ಕಂದು ಪದರಗಳು ಬಂಡೆಯಲ್ಲಿ ಹೇಗಿದ್ದವೋ ಹಾಗೇ ಇಳಕಲ್ ಸೀರೆಯ ಪಟ್ಟಿಯಂತೆ ಕಂಬ, ತೊಲೆ, ದೇವರ ಮೈ ಯಾವುದನ್ನೂ ಬಿಡದೆ ಅಡ್ಡಹಾಯ್ದು ಹೋಗುತ್ತವೆ. ಕೂಡಿಸಿ ಕಟ್ಟಿದ್ದಲ್ಲ, ಒಂದೇ ಬಂಡೆ ಎಂದು ನಂಬದವರಿಗೆ ಇದಕ್ಕಿಂತ ಸಾಕ್ಷಿ ಬೇಡ.

ಮೊಣಕಾಲು ನೋವಿನವರಿಗೆ ಒಂದು ಮಾತು: ನಾಲ್ಕನೆಯ ಜೈನ ಗುಹೆ ಮೂರನೆಯದರ ಪಕ್ಕದಲ್ಲೇ ಇದೆ, ಅಲ್ಲಿಗೆ ಹೋಗುವುದು ಅಷ್ಟೇನು ಕಷ್ಟವಿಲ್ಲ. ಕಷ್ಟವಿರುವುದು ಎರಡರಿಂದ ಮೂರಕ್ಕೆ ಹೋಗುವ ಮೆಟ್ಟಿಲುಗಳಲ್ಲಿ. ನಿಧಾನಕ್ಕೆ ಹತ್ತಿದರೆ ಬಾಹುಬಲಿಯೂ ಪಾರ್ಶ್ವನಾಥನೂ ಸಿಗುತ್ತಾರೆ. ಎದುರಿನ ಉತ್ತರದ ಕೋಟೆಗೆ, ಮಾಲೆಗಿತ್ತಿ ಶಿವಾಲಯಕ್ಕೆ ಹಿರಿಯರನ್ನು ನಾನು ಕರೆದೊಯ್ಯುವುದಿಲ್ಲ. ಹುಡುಗರನ್ನು ಬೆಳಿಗ್ಗೆ ಆರಕ್ಕೇ ಎಬ್ಬಿಸಿ ಬೇರೆ ಕಳಿಸುತ್ತೇನೆ.

ಹಸಿವಾಗುವ ಹೊತ್ತಿಗೆ ಬನಶಂಕರಿ. ಊರಿನಿಂದ 5 ಕಿ.ಮೀ. ಚೊಳಚಗುಡ್ಡದಲ್ಲಿ ಗುಡಿಯ ಮುಂದೆ ದೊಡ್ಡ ಹರಿದ್ರಾ ತೀರ್ಥ, ಸುತ್ತ ಕಲ್ಲಿನ ಕಂಬಸಾಲು. ಆ ನೆರಳಿನಲ್ಲೇ ಬುಟ್ಟಿ ಹೊತ್ತ ಹೆಣ್ಣುಮಕ್ಕಳು ಕಾದಿರುತ್ತಾರೆ. "ಬರ್ರಿ ಯಣ್ಣಾ, ಕುಂದರ್ರಿ, ರೊಟ್ಟಿ ಉಂಡು ಹೋಗ್ರಿ." ಸಜ್ಜಿ ರೊಟ್ಟಿ ಬೇಕೋ ಜೋಳದ್ದು ಬೇಕೋ ಎಂದು ಕೇಳಿ, ಮೇಲೊಂದಿಷ್ಟು ಪಲ್ಯ, ಕೆಂಪು ಚಟ್ನಿ, ಗಡಿಗೆಯ ಮೊಸರು ಹಾಕಿ ಕೈಗೆ ಕೊಡುತ್ತಾರೆ. ಬೆಂಗಳೂರಿನ ಅತ್ತಿಗೆಯೊಬ್ಬರು ಚಟ್ನಿಯ ಖಾರಕ್ಕೆ ಕಣ್ಣು ಒರೆಸಿಕೊಳ್ಳುತ್ತಲೇ ಮತ್ತೊಂದು ರೊಟ್ಟಿ ಕೇಳಿದ್ದರು.

ಮಹಾಕೂಟವನ್ನು ನಾನು ನೀರಿಗಿಳಿಯುವ ಮನಸ್ಸಿರುವವರಿಗೆ ಮಾತ್ರ ಹೇಳುತ್ತೇನೆ. ಬುಗ್ಗೆಯ ನೀರು ತುಂಬಿದ ವಿಷ್ಣು ಪುಷ್ಕರಣಿ, ನೀರಿನ ನಡುವೆಯೇ ಪುಟ್ಟ ಮಂಟಪದಲ್ಲಿ ಪಂಚಮುಖ ಲಿಂಗ. ಬೇಸಿಗೆಯಲ್ಲಿ ಅಲ್ಲಿಂದ ಮಕ್ಕಳನ್ನು ಎಬ್ಬಿಸುವುದೇ ಕಷ್ಟ. ಆದರೂ ಏಪ್ರಿಲ್, ಮೇ ತಿಂಗಳಲ್ಲಿ ಬರುತ್ತೇವೆ ಎಂದವರಿಗೆ ಬೇಡ ಎನ್ನುತ್ತೇನೆ, ಬಂಡೆ ಕಾದು ಬರಿಗಾಲಿಡಲು ಆಗುವುದಿಲ್ಲ.

ಬನದ ಹುಣ್ಣಿಮೆಗೆ, ಅಂದರೆ ಜನವರಿಯ ಆಸುಪಾಸು, ಬನಶಂಕರಿ ಜಾತ್ರೆ. ಆಗ ಬಾದಾಮಿಯಲ್ಲಿ ರೂಮು ಸಿಗುವುದು ದುರ್ಲಭ, ಗದಗಿಗೋ ಬಾಗಲಕೋಟೆಗೋ ವಾಪಸು ಹೋಗಿ ಮಲಗಬೇಕಾಗುತ್ತದೆ. ಗುಡಿ ಗುಹೆ ನೋಡುವುದಕ್ಕೆ ಅದು ಕೆಟ್ಟ ಕಾಲ. ನಾಟಕ ನೋಡುವುದಕ್ಕಾದರೆ ಅದೇ ಕಾಲ: ವೃತ್ತಿ ಕಂಪನಿಗಳು ಜಾತ್ರೆಯಲ್ಲಿ ಟೆಂಟು ಹಾಕಿ ವಾರಗಟ್ಟಲೆ ಬಿಡಾರ ಹೂಡುತ್ತವೆ. ನಾಟಕದ ಆಸೆಗೆ ಬರುವ ನೆಂಟರಿಗೆ ನಾನು ಹೇಳುವುದು, ಮಧ್ಯಾಹ್ನ ಚೆನ್ನಾಗಿ ನಿದ್ದೆ ಹೊಡೆದು, ಶಾಲು ಹೊದ್ದುಕೊಂಡೇ ಬನ್ನಿ ಎಂದು.