ಸರ್ವರ್‌ನ ಲಾಗಿನ್ ದಾಖಲೆ ಓದುವುದು ಹೇಗೆ?

ಇಂಟರ್‌ನೆಟ್‌ಗೆ ತೆರೆದುಕೊಂಡ ಲಿನಕ್ಸ್ ಸರ್ವರ್‌ನ ಲಾಗಿನ್ ದಾಖಲೆಯನ್ನು ಮೊದಲ ಸಲ ನೋಡಿದವರು, ಸಾಲುಗಟ್ಟಿ ನಿಂತ ವಿಫಲ ಯತ್ನಗಳನ್ನು ಕಂಡು ಗಾಬರಿಯಾಗುವುದು ಸಹಜ. ಅವುಗಳಲ್ಲಿ ಬಹುಪಾಲು, ದೂರದಿಂದ ಲಾಗಿನ್ ಆಗಲು ಸಾಮಾನ್ಯವಾಗಿ ಬಳಸುವ 22ನೇ ಪೋರ್ಟ್ (ಸಂಪರ್ಕದ ಬಾಗಿಲು) ತೆರೆದಿರುವ ಯಂತ್ರಗಳನ್ನು ಹುಡುಕುತ್ತ ಅಲೆಯುವ ಸ್ವಯಂಚಾಲಿತ ಪ್ರೋಗ್ರಾಂಗಳಾದ ಬಾಟ್‌ಗಳು ಕಂಡಕಂಡ ಬಾಗಿಲು ತಟ್ಟಿ ಹೋದ ಗುರುತುಗಳಷ್ಟೇ. ಯಾವುದಾದರೂ ಬಾಗಿಲು ತೆರೆದುಕೊಂಡಿತೇ ಎಂಬುದೇ ನಾವು ಹುಡುಕಬೇಕಾದ ಉತ್ತರ.

ಮೊದಲು ಕಡತವನ್ನು ಪತ್ತೆಮಾಡಿ. ‘ವಾರ್’ ಫೋಲ್ಡರ್‌ನೊಳಗಿನ ‘ಲಾಗ್’ ಫೋಲ್ಡರ್‌ನಲ್ಲಿ ಅದು ಉಬುಂಟುವಿನಲ್ಲಾದರೆ ‘ಆತ್ ಡಾಟ್ ಲಾಗ್’ ಎಂದೂ, ರೆಡ್ ಹ್ಯಾಟ್ ಬಳಗದಲ್ಲಾದರೆ ‘ಸೆಕ್ಯೂರ್’ ಎಂದೂ ಇರುತ್ತದೆ.

ಈಗ ಒಂದು ಸಾಲನ್ನು ಬಿಡಿಸಿ ನೋಡೋಣ: ‘ಫೇಲ್ಡ್ ಪಾಸ್‌ವರ್ಡ್ ಫಾರ್ ಇನ್‌ವ್ಯಾಲಿಡ್ ಯೂಸರ್ ಅಡ್ಮಿನ್ ಫ್ರಮ್ 203.0.113.45 ಪೋರ್ಟ್ 51122’. ‘ಇನ್‌ವ್ಯಾಲಿಡ್ ಯೂಸರ್’ ಎಂದರೆ ಸಾಮಾನ್ಯವಾಗಿ ಆ ಹೆಸರಿನ ಖಾತೆಯೇ ನಿಮ್ಮಲ್ಲಿಲ್ಲ. 203.0.113.45 ಎಂಬುದು ಬಂದವರ ಐಪಿ ವಿಳಾಸ, ಕೊನೆಯ ಸಂಖ್ಯೆ ಅವರ ಯಂತ್ರದ ಪೋರ್ಟ್. ಅದನ್ನು ನಿಮ್ಮ ಸರ್ವರ್‌ನದೆಂದು ತಿಳಿದು ಫೈರ್‌ವಾಲ್ ತಿದ್ದಲು ಹೋಗಬೇಡಿ. ‘ಇನ್‌ವ್ಯಾಲಿಡ್’ ಎಂಬ ಮಾತಿಲ್ಲದೆ, ಸುಲಭವಾಗಿ ಊಹಿಸಲಾಗದ ನಿಮ್ಮ ಖಾತೆಯ ಹೆಸರೇ ಮತ್ತೆ ಮತ್ತೆ ಬಂದರೆ ಮಾತ್ರ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತೇನೆ, ಏಕೆಂದರೆ ಆ ಹೆಸರು ಎಲ್ಲಿಂದಲೋ ಹೊರಗೆ ಹೋಗಿದೆ.

ಆಮೇಲೆ ‘ಅಕ್ಸೆಪ್ಟೆಡ್’ ಎಂಬ ಪದವಿರುವ, ಅಂದರೆ ಲಾಗಿನ್ ಯಶಸ್ವಿಯಾದ ಸಾಲುಗಳನ್ನಷ್ಟೇ ಹೆಕ್ಕಿ, ಒಂದೊಂದನ್ನೂ ನಿಧಾನವಾಗಿ ಪರಿಶೀಲಿಸಿ. ಆ ವಿಳಾಸ ಪರಿಚಿತವೇ? ಆ ಹೊತ್ತಿನಲ್ಲಿ ನಿಮ್ಮವರು ಕೆಲಸದಲ್ಲಿದ್ದರೇ? (ಸರ್ವರ್‌ನ ಗಡಿಯಾರ ಭಾರತೀಯ ಸಮಯದ ಬದಲು ಯುಟಿಸಿ ಎಂಬ ಜಾಗತಿಕ ಸಮಯದಲ್ಲಿದ್ದರೆ ಲೆಕ್ಕ ತಪ್ಪುತ್ತದೆ, ಮೊದಲೇ ನೋಡಿಕೊಳ್ಳಿ.) ಪಾಸ್‌ವರ್ಡ್ ಬದಲು ಕೀಲಿ ಕಡತದಿಂದಲೇ (ಎಸ್‌ಎಸ್‌ಎಚ್ ಕೀ) ಲಾಗಿನ್ ಆಗುವವರ ಹೆಸರಿನಲ್ಲಿ ಪಾಸ್‌ವರ್ಡ್ ಲಾಗಿನ್ ಕಂಡಿತೇ? ಒಂದೇ ವಿಳಾಸದಿಂದ ನೂರಾರು ಸೋಲುಗಳಾದ ಮೇಲೆ ಒಂದು ಯಶಸ್ಸು ಬಂದಿದ್ದರೆ ಪಾಸ್‌ವರ್ಡ್ ಮುರಿದಿದೆಯೆಂದೇ ಭಾವಿಸಿ ಮುಂದುವರಿಯಿರಿ. ಬೇರೆ ಬೇರೆ ವಿಳಾಸಗಳಿಂದ ಒಂದೊಂದೇ ಸಲ ಯತ್ನಿಸುವವರು, ವಿಳಾಸವಾರು ಸೋಲುಗಳನ್ನು ಎಣಿಸಿ ತಡೆಹಾಕುವ ಫೇಲ್‌ಟುಬ್ಯಾನ್‌ನಂಥ ಸಾಧನದ ಕಣ್ಣಿಗೂ ಬೀಳದೆ ಹೋಗಬಹುದಾದ್ದರಿಂದ, ಖಾತೆವಾರು ಎಣಿಕೆಯನ್ನೂ ಮಾಡಬೇಕು.

ಸಂಶಯದ ಲಾಗಿನ್ ಸಿಕ್ಕರೆ, ಅದರ ನಂತರದ ಸಾಲುಗಳಲ್ಲಿ ‘ಸುಡೊ’ (ಮೇಲಧಿಕಾರದಿಂದ ಆಜ್ಞೆ ನಡೆಸುವ ಸಾಧನ) ಬಳಕೆ ಅಥವಾ ಹೊಸ ಖಾತೆಯ ಸೃಷ್ಟಿ ಇದೆಯೇ ನೋಡಿ. ಒಳಬರಲು ಅನುಮತಿಯಿರುವ ಕೀಲಿಗಳ ಪಟ್ಟಿಯಾದ ‘ಆಥರೈಸ್ಡ್ ಕೀಸ್’ ಕಡತದಲ್ಲಿ ಗುರುತಿಲ್ಲದ ಕೀಲಿ ಸೇರಿದೆಯೇ ಎಂದೂ ಪರೀಕ್ಷಿಸಿ. ರೂಟ್ ಅಧಿಕಾರ, ಅಂದರೆ ಯಂತ್ರದ ಪೂರ್ಣ ಹಿಡಿತ ಪಡೆದವರು ದಾಖಲೆಯನ್ನೇ ಅಳಿಸಬಲ್ಲರು. ಆದ್ದರಿಂದ ಲಾಗ್‌ನ ಪ್ರತಿ ಆಗಿಂದಾಗಲೇ ಬೇರೊಂದು ಯಂತ್ರಕ್ಕೆ ಹೋಗುವಂತೆ ಇಂದೇ ಏರ್ಪಾಡು ಮಾಡಿ. ಒಳನುಗ್ಗಿದ್ದು ಖಚಿತವಾದರೆ ಗಡಿಬಿಡಿಯಲ್ಲಿ ರೀಬೂಟ್ ಮಾಡದೆ, ಮೊದಲು ಸರ್ವರನ್ನು ನೆಟ್‌ವರ್ಕ್‌ನಿಂದ ಬೇರ್ಪಡಿಸಿ. ಮೆಮೊರಿಯಲ್ಲಿ ಉಳಿದಿರುವ ಸಾಕ್ಷ್ಯ ರೀಬೂಟ್ ಮಾಡಿದೊಡನೆ ಅಳಿದುಹೋಗುತ್ತದೆ.