ಸತ್ತ ಲಿಂಕು ಮತ್ತೆ ತೆರೆಯಿತು: ಐಪಿಎಫ್‌ಎಸ್‌ನಲ್ಲಿ ಕಲೆ ಉಳಿಸಿದ ನನ್ನ ಅನುಭವ

2021ರ ನವೆಂಬರ್‌ನಲ್ಲಿ ಡಿಜಿಟಲ್ ಕಲೆ (ಎನ್‌ಎಫ್‌ಟಿ) ಮಾರುವ ತಾಣ ಹಿಕ್ ಎಟ್ ನುಂಕ್ ಇದ್ದಕ್ಕಿದ್ದಂತೆ ಬಾಗಿಲು ಹಾಕಿದ್ದು ನೆನಪಿದೆ ಅಲ್ವಾ? ಕೃತಿಯ ಒಡೆತನ ಹೇಳುವ ಟೋಕನ್‌ಗಳು ಟೆಜೋಸ್ ಬ್ಲಾಕ್‌ಚೈನ್‌ನಲ್ಲಿದ್ದವು, ಫೈಲುಗಳು ಐಪಿಎಫ್‌ಎಸ್‌ನಲ್ಲಿ, ಅಂದರೆ ಹಲವರ ಕಂಪ್ಯೂಟರುಗಳು ಸೇರಿ ಫೈಲು ಹಂಚುವ ಜಾಲದಲ್ಲಿದ್ದವು. ಹಾಗಾಗಿ ಕಲಾವಿದರೇ ಸೇರಿ ಬೇರೆ ತಾಣ ಎಬ್ಬಿಸಿದರು. ಅದನ್ನು ನೋಡಿ ತುಂಬಾ ಜನ ಐಪಿಎಫ್‌ಎಸ್‌ಗೆ ಹಾಕಿದರೆ ಮುಗೀತು ಅಂದುಕೊಂಡರು. ಮುಗಿಯುವುದಿಲ್ಲ. ಯಾರೋ ಪಿನ್ ಮಾಡಿಟ್ಟಿದ್ದರು, ಅಂದರೆ ಅಳಿಯದಂತೆ ತಮ್ಮ ಯಂತ್ರದಲ್ಲಿ ಹಿಡಿದಿಟ್ಟಿದ್ದರು, ಅದಕ್ಕೇ ಉಳಿಯಿತು.

ನಾನು ಬಳಸುತ್ತಿದ್ದ ಪಿನ್ನಿಂಗ್ ಸೇವೆಯೊಂದು ಉಚಿತ ಯೋಜನೆ ನಿಲ್ಲಿಸುವುದಾಗಿ ಹೇಳಿದಾಗ ನನ್ನ ಮುನ್ನೂರರಷ್ಟು ಕೃತಿಗಳು ಅಲ್ಲಿದ್ದವು. 'ಒರಿಜಿನಲ್ ನಿನ್ನ ಹತ್ತಿರವೇ ಇದೆಯಲ್ಲ, ಮತ್ತೆ ಆಡ್ ಮಾಡು' ಎಂದರು ಗೆಳೆಯರು. ಮಾಡಿ ನೋಡಿ. ಫೈಲು ಅದೇ, ಸಿಐಡಿ (ಫೈಲಿನ ಒಳಗಿರುವುದರಿಂದಲೇ ಹುಟ್ಟುವ ಐಪಿಎಫ್‌ಎಸ್ ವಿಳಾಸ) ಮಾತ್ರ ಬೇರೆ. ಹಳೆಯದು 'ಕ್ಯೂಎಂ' ಎಂದು ಶುರುವಾದರೆ ಹೊಸದು 'ಬಾಫಿ' ಎಂದು. ಫೈಲನ್ನು ಕತ್ತರಿಸುವ ಚಂಕ್ ಗಾತ್ರ, ತುಂಡುಗಳನ್ನು ಹಾಗೇ ಇಡುವ ರಾ ಲೀವ್ಸ್, ಸಿಐಡಿ ವರ್ಷನ್, ಆಡ್ ಮಾಡುವಾಗಿನ ಈ ಸೆಟ್ಟಿಂಗುಗಳಲ್ಲಿ ಒಂದು ಬದಲಾದರೂ ಕತೆ ಮುಗೀತು. ಟೋಕನ್‌ನಲ್ಲಿ ಕೂತಿರುವುದು ಹಳೆಯ ಸಿಐಡಿ.

ಅದಕ್ಕೇ ಸೇವೆ ನಿಲ್ಲುವ ಮೊದಲೇ ಪ್ರತಿ ಕೃತಿಯನ್ನೂ 'ಡ್ಯಾಗ್ ಎಕ್ಸ್‌ಪೋರ್ಟ್' ಮಾಡಿ ತುಂಡುಗಳೂ ಅವುಗಳ ವಿಳಾಸಗಳೂ ಹಾಗೇ ಉಳಿಯುವ ಕಾರ್ ಫೈಲಾಗಿ ಇಳಿಸಿಕೊಂಡೆ. ಸುಮ್ನೆ ಡಬಲ್ ಜಾಗ ದಂಡ ಎಂದವರೇ ಜಾಸ್ತಿ. ಆಮೇಲೆ ಹೊಸ ನೋಡ್‌ನಲ್ಲಿ (ಐಪಿಎಫ್‌ಎಸ್ ಓಡಿಸುವ ನನ್ನದೇ ಯಂತ್ರದಲ್ಲಿ) 'ಡ್ಯಾಗ್ ಇಂಪೋರ್ಟ್' ಕೊಟ್ಟೆ. ಅದೇ ಸಿಐಡಿ ಬಂತು, ಸತ್ತಿದ್ದ ಲಿಂಕು ತೆರೆಯಿತು. ದಂಡ ಎಂದವರಲ್ಲಿ ಇಬ್ಬರು ಈಗ ತಮ್ಮ ಕೆಲಸವನ್ನೂ ನನ್ನ ಕೈಲೇ ಮಾಡಿಸುತ್ತಿದ್ದಾರೆ.

ದುಡ್ಡು ಹೋಗಿದ್ದು ಯಂತ್ರಗಳಿಗೆ. ನೋಡ್ ಓಡಿಸುತ್ತಿದ್ದ ಮನೆಯ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈನಲ್ಲಿ ಎಸ್‌ಡಿ ಕಾರ್ಡ್ ಕೆಲವೇ ತಿಂಗಳಲ್ಲಿ ಕೈಕೊಟ್ಟಿತು. ಎಸ್‌ಎಸ್‌ಡಿಗೆ ನಾಲ್ಕೈದು ಸಾವಿರ ಆಯಿತು. ಮನೆಯ ಬ್ರಾಡ್‌ಬ್ಯಾಂಡ್ ಸಿಜಿನ್ಯಾಟ್ (ಹಲವು ಮನೆಗಳಿಗೆ ಒಂದೇ ಐಪಿ ವಿಳಾಸ) ಹಿಂದಿದ್ದುದರಿಂದ ಹೊರಗಿನವರಿಗೆ ನೋಡ್ ಸಿಗುತ್ತಲೇ ಇರಲಿಲ್ಲ. ತಿಂಗಳಿಗೆ ಐನೂರರ ಆಸುಪಾಸಿನ ವಿಪಿಎಸ್ (ಬಾಡಿಗೆ ಸರ್ವರ್) ಹಿಡಿದ ಮೇಲೆ ಸರಿಹೋಯಿತು. ರೀಪ್ರೊವೈಡ್, ಅಂದರೆ ನನ್ನಲ್ಲಿ ಏನಿದೆ ಎಂದು ಜಾಲಕ್ಕೆ ಮತ್ತೆ ಮತ್ತೆ ಸಾರುವ ಕೆಲಸ, ತುಂಬಾ ಹೊತ್ತು ಹಿಡಿಯುತ್ತಿತ್ತು, ಪಿನ್‌ನ ಮೂಲ ಸಿಐಡಿ ಮಾತ್ರ ಸಾರುವ 'ರೂಟ್ಸ್' ಮಾಡಿದರೆ ಹಗುರ. ಯಾವ ಪಿನ್ ಸಾಯುತ್ತಿದೆ ಎಂದು ಮೊದಲೇ ಹಿಡಿಯುವ ಸ್ಕ್ರಿಪ್ಟ್ ಒಂದಿದೆ. ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ.

ನಡುವೆ ಫೈಲನ್ನು ಶಾಶ್ವತವಾಗಿ ಇಡುವ ಜಾಲ ಆರ್‌ವೀವ್ ಕೂಡ ನೋಡಿದೆ. ಒಂದೇ ಸಲ ದುಡ್ಡು ಕಟ್ಟುವ ಲೆಕ್ಕ ಸಣ್ಣ ಎಸ್‌ವಿಜಿ ಚಿತ್ರಕ್ಕೆ ಬಹಳ ಚೆನ್ನಾಗಿದೆ, ವಿಡಿಯೊಗೆ ಜೇಬು ಖಾಲಿ. ದುಡ್ಡಿಗೆ ಜಾಗ ಕೊಡುವ ಇನ್ನೊಂದು ಜಾಲ ಫೈಲ್‌ಕಾಯಿನ್‌ನ ಡೀಲಿಗೆ ಅವಧಿ ಇದೆ, ಮತ್ತೆ ಮತ್ತೆ ನವೀಕರಿಸಬೇಕು. ಬಿಟ್ಟೆ.

ಬ್ರೌಸರ್‌ನಲ್ಲೇ ಓಡುವ ಎಚ್‌ಟಿಎಂಎಲ್ ಕೃತಿಗಳ ಕಾಟವೇ ಬೇರೆ. ಸಿಐಡಿ ಜೀವಂತ, ಪರದೆ ಮಾತ್ರ ಬಿಳಿ. ಚಿತ್ರ ಬಿಡಿಸುವ ಪಿ5 ಕೋಡ್ ಲೈಬ್ರರಿ ಯಾವುದೋ ಸಿಡಿಎನ್‌ನಿಂದ (ಹೊರಗಿನ ಸರ್ವರ್‌ನಿಂದ) ಬರುತ್ತಿರುತ್ತದೆ, ಅದು ಸಿಗದಿದ್ದರೆ ಕೃತಿ ಓಡುವುದಿಲ್ಲ. ಈಗ ಮಿಂಟ್ ಮಾಡುವ (ಟೋಕನ್ ಹುಟ್ಟಿಸುವ) ಮುಂಚೆ ನೆಟ್ ತೆಗೆದು ಓಡಿಸಿ ನೋಡುತ್ತೇನೆ. ಅಂಥ ಹಳೆಯ ಹತ್ತಿಪ್ಪತ್ತು ಕೃತಿಗಳಿಗೆ ಲೈಬ್ರರಿ ಒಳಗೇ ಇರುವ ಇನ್ನೊಂದು ಪ್ರತಿಯನ್ನು ಬೇರೆ ಸಿಐಡಿಯಲ್ಲಿ ಪಿನ್ ಮಾಡಿ, ಕೊಂಡವರಿಗೆಲ್ಲ ಲಿಂಕು ಕಳಿಸಿದ್ದೇನೆ.