ವಂಶವೃಕ್ಷದ ಹಾಳೆಯಿಂದ ಆರಂಭಿಸಿದ ಪಥ್ಯ: ನನ್ನ ಅನುಭವ

ದಾವಣಗೆರೆಯಲ್ಲಿ ಆಹಾರ ತಜ್ಞೆಯಾಗಿರುವ ನನ್ನ ಬಳಿಗೆ ಎರಡು ವರ್ಷಗಳ ಹಿಂದೆ ಅಡಿಕೆ ವ್ಯಾಪಾರಿಯೊಬ್ಬರು ವಂಶವಾಹಿ ಪರೀಕ್ಷೆಯ ವರದಿ ಹಿಡಿದು ಬಂದರು. ಟೈಪ್ 2 ಮಧುಮೇಹದ ಸಾಧ್ಯತೆಯನ್ನು ಹೆಚ್ಚಿಸುವುದೆಂದು 2006ರಲ್ಲಿ ಗುರುತಿಸಲಾದ ಟಿಸಿಎಫ್7ಎಲ್2 ವಂಶವಾಹಿಯ ರೂಪಾಂತರವು ತಂದೆ, ತಾಯಿ ಇಬ್ಬರಿಂದಲೂ ಅವರಿಗೆ ಬಂದಿತ್ತು, ಕಳೆದ ಎರಡು-ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ 6.2 ಇತ್ತು, ಅಂದರೆ ಮಧುಮೇಹದ ಹೊಸ್ತಿಲು.

ಭಯ ಹುಟ್ಟಿದರೆ ಪಥ್ಯ ತಾನಾಗಿ ಬರುತ್ತದೆಂದು ನಂಬಿದ್ದ ನಾನು ಅರ್ಧ ಗಂಟೆ ಆ ವರದಿಯನ್ನೇ ವಿವರಿಸಿದೆ. “ಹಣೆಬರಹವೇ ಅಚ್ಚಾಗಿ ಬಂದ ಮೇಲೆ ಬಾಯಿ ಕಟ್ಟಿ ಏನು ಮಾಡೋದು ಮೇಡಂ?” ಎಂದರು. ಮುಂದಿನ ತಿಂಗಳು ತೂಕ ಒಂದು ಕಿಲೋ ಏರಿತ್ತು. ವಂಶವಾಹಿಯ ಅಪಾಯವನ್ನು ತಿಳಿಸಿದ ಮಾತ್ರಕ್ಕೆ ಊಟ, ವ್ಯಾಯಾಮ, ಧೂಮಪಾನಗಳು ಬದಲಾಗುವುದಿಲ್ಲವೆಂದು 2016ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ, ಹಲವು ಅಧ್ಯಯನಗಳ ಸಮೀಕ್ಷೆಯೊಂದು ತೋರಿಸಿದ್ದುದು ನನಗೆ ಮನವರಿಕೆಯಾದದ್ದು ಆಗಲೇ.

ಮೂರನೆಯ ಭೇಟಿಗೆ ಪತ್ನಿಯನ್ನೂ ಕರೆತರಲು ಹೇಳಿ, ವರದಿಯನ್ನು ಬದಿಗಿಟ್ಟು, ಬಿಳಿ ಹಾಳೆಯ ಮೇಲೆ ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಬರೆದು ಅವರ ಮನೆತನದ ನಕ್ಷೆ ಹಾಕಿದೆ. ಸಕ್ಕರೆ ಕಾಯಿಲೆ ಪತ್ತೆಯಾದ ವಯಸ್ಸನ್ನು ಕೆಂಪು ಶಾಯಿಯಲ್ಲಿ ತುಂಬಿದೆ: ಅಜ್ಜನಿಗೆ 61, ಅಪ್ಪನಿಗೆ 52, ಅಣ್ಣನಿಗೆ 41. “ಇಳೀತಾ ಬಂದಿದೆಯಲ್ರೀ” ಎಂದು ಗಮನಿಸಿದವರು ಅವರ ಪತ್ನಿ. ಈಗ ತಪಾಸಣೆ ಬೇಗ ಆಗುತ್ತದೆಂಬುದು ನಿಜ. ಆದರೂ ಮೂರು ತಲೆಮಾರಿನಲ್ಲಿ ವಂಶವಾಹಿ ಅಷ್ಟು ಬದಲಾಗುವುದಿಲ್ಲ, ಹಾಗಾದರೆ ಬದಲಾದದ್ದೇನು ಎಂದು ಕೇಳಿದೆ. ಅಜ್ಜ ತೋಟಕ್ಕೆ ನಡೆದು ಹೋಗುತ್ತಿದ್ದರು, ಅಪ್ಪ ಸೈಕಲ್ ತುಳಿದರು, ತಾವು ಅಣ್ಣತಮ್ಮಂದಿರು ಬೈಕಿನಲ್ಲಿ ಮಂಡಿಗೆ ಹೋಗಿ ದಿನವೆಲ್ಲ ಗಾದಿಯ ಮೇಲೆ ಕೂತು, ಸಂಜೆ ಮಂಡಕ್ಕಿ-ಮಿರ್ಚಿ ತಿಂದು ಮನೆ ಸೇರುತ್ತೇವೆ ಎಂದು ಅವರೇ ಒಂದೊಂದಾಗಿ ಹೇಳಿದರು.

ಅಮೆರಿಕದ ಮಧುಮೇಹ ತಡೆ ಅಧ್ಯಯನದಲ್ಲಿ ತೂಕವನ್ನು ಶೇ. 7ರಷ್ಟು ಇಳಿಸಿ, ವಾರಕ್ಕೆ 150 ನಿಮಿಷ ನಡೆಯುವ ಗುರಿ ಕೊಟ್ಟ ಗುಂಪಿನಲ್ಲಿ ಹುಸಿಮಾತ್ರೆ ಪಡೆದ ಗುಂಪಿಗಿಂತ ಹೊಸದಾಗಿ ಕಾಯಿಲೆ ಬರುವುದು ಶೇ. 58ರಷ್ಟು ಕಡಿಮೆಯಾಗಿತ್ತು, ಇವರದೇ ರೂಪಾಂತರ ಎರಡೂ ಕಡೆಯಿಂದ ಬಂದವರಿಗೂ ಅದು ಫಲ ಕೊಟ್ಟಿತ್ತು. ವರದಿಯನ್ನು ಮತ್ತೆ ತೆರೆದದ್ದು ಇಷ್ಟನ್ನು ಹೇಳಲು ಮಾತ್ರ.

ಅಣ್ಣತಮ್ಮಂದಿರು ವಾರಕ್ಕೆ ಐದು ದಿನ ಕುಂದವಾಡ ಕೆರೆಯ ಏರಿಯ ಮೇಲೆ ಅರ್ಧ ಗಂಟೆ ನಡೆದರು. ರಾತ್ರಿಯ ಅನ್ನದ ಬದಲು ಎರಡು ಜೋಳದ ರೊಟ್ಟಿ, ಕಾಳುಪಲ್ಯ ಬಂತು. ಮಿರ್ಚಿ ಭಾನುವಾರಕ್ಕೆ ಉಳಿಯಿತು. ಆರು ತಿಂಗಳಲ್ಲಿ ವ್ಯಾಪಾರಿಯ ತೂಕ ನಾಲ್ಕು ಕಿಲೋ ಇಳಿದು, ಎಚ್‌ಬಿಎ1ಸಿ 5.8ಕ್ಕೆ ಬಂತು. ಹರಿಹರಕ್ಕೆ ಕೊಟ್ಟ ತಂಗಿಯನ್ನೂ ಅವರೇ ತಪಾಸಣೆಗೆ ಕರೆತಂದರು. ಆಕೆಯ ವೃತ್ತ ಇನ್ನೂ ಖಾಲಿಯಿದೆ. ಮುಂದಿನ ತಪಾಸಣೆಯ ತಿಂಗಳನ್ನು ಅದರ ಪಕ್ಕದಲ್ಲಿ ಬರೆದಿಟ್ಟಿದ್ದೇನೆ.